ಆಕ್ಸಿಲರೇಟರ್ ಬಿಟ್ಟರೂ ಕಾರು ಯಾಕೆ ಸುತ್ತುತ್ತದೆ?

ಕಳೆದ ಸಂಚಿಕೆಯಲ್ಲಿ ಟೈರ್ ಬಗ್ಗೆ ಬರೆಯುವಾಗ, ‘ಗ್ಯಾರೇಜ್ ಮುಚ್ಚಿದ ಮೇಲೆ ರಾತ್ರಿ ಒಂದು ತಾಸು ಕಂಪ್ಯೂಟರಿನಲ್ಲಿ ರೇಸ್ ಕಾರು ಓಡಿಸುತ್ತೇನೆ’ ಎಂದು ಒಂದು ಸಾಲು ಸೇರಿಸಿದ್ದೆ. ಅದನ್ನು ಹಿಡಿದುಕೊಂಡೇ ಅನೇಕರು ಪತ್ರ ಬರೆದಿದ್ದಾರೆ. ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ವ್ಹೀಲ್ ಅಲೈನ್‌ಮೆಂಟ್, ಸಸ್ಪೆನ್ಷನ್ ಕೆಲಸ ಮಾಡುತ್ತಿದ್ದೇನೆ. ಆರು ವರ್ಷದ ಹಿಂದೆ ಅಕ್ಕನ ಮಗ ಈ ಆಟ ಹಚ್ಚಿಕೊಟ್ಟ. ಕಾರಿನ ಕೆಳಗೆ ಮಲಗಿ ಕಲಿತದ್ದೆಲ್ಲ ಅಲ್ಲಿ ಕೈಗೆ, ಕಾಲಿಗೆ ಸಿಗುತ್ತದೆ. ಹಾಗಾಗಿ ಈ ತಿಂಗಳು ಅದೇ ವಿಷಯ.

ಅಣ್ಣಾ, ನಾನು ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಸ್ಟೇರಿಂಗ್ ಸೆಟ್ ಕೊಂಡು ಎರಡು ತಿಂಗಳಾಯಿತು. ಅಸೆಟ್ಟೊ ಕೋರ್ಸಾ ಎಂಬ ರೇಸ್ ಆಟದಲ್ಲಿ ಹಳೇ ಬಿಎಂಡಬ್ಲ್ಯು ಎಂ3 ಇ30 ಓಡಿಸುತ್ತೇನೆ. ಮೋಂಜಾ ಟ್ರ್ಯಾಕಿನ ಲೆಸ್ಮೊ ತಿರುವಿನಲ್ಲಿ ಪ್ರತಿ ಸಲ ಹಿಂಭಾಗ ಬೀಸಿ ಕಾರು ಸುತ್ತಿಬಿಡುತ್ತದೆ. ವೇಗ ಜಾಸ್ತಿಯಾಯಿತು ಅನಿಸಿದ ತಕ್ಷಣ ಆಕ್ಸಿಲರೇಟರ್ ಪೂರ್ತಿ ಬಿಡುತ್ತೇನೆ, ಆದರೂ ಸುತ್ತುತ್ತದೆ. ಸ್ಟೇರಿಂಗ್ ಉಲ್ಟಾ ತಿರುಗಿಸಿದರೆ ಇನ್ನೊಂದು ಕಡೆಗೆ ಬೀಸುತ್ತದೆ. ಕಾರು ಜಾರದಂತೆ ತಾನೇ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಹಾಕಿಕೊಂಡರೆ ಸರಿಯಾಗುತ್ತದೆ, ಆದರೆ ಗೆಳೆಯರು ನಗುತ್ತಾರೆ.

ತಮ್ಮಾ, ‘ಪೂರ್ತಿ ಬಿಡುತ್ತೇನೆ, ಆದರೂ ಸುತ್ತುತ್ತದೆ’ ಎಂದು ಬರೆದಿದ್ದೀಯ. ಆ ‘ಆದರೂ’ ತೆಗೆದುಹಾಕು. ಪೂರ್ತಿ ಬಿಟ್ಟಿದ್ದಕ್ಕೇ ಅದು ಸುತ್ತುತ್ತಿರುವುದು.

ಬಸ್ಸಿನಲ್ಲಿ ನಿಂತು ಹೋಗುವಾಗ ಡ್ರೈವರ್ ಬ್ರೇಕ್ ಒತ್ತಿದರೆ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ. ಕಾರಿನ ಭಾರವೂ ಹಾಗೇ ವಾಲುತ್ತದೆ. ಅದಕ್ಕೆ ಬ್ರೇಕೇ ಬೇಕೆಂದಿಲ್ಲ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಸಾಕು. ಎಂಜಿನ್ ಕಾರನ್ನು ಹಿಂದಕ್ಕೆ ಹಿಡಿದು ಎಳೆಯುತ್ತದೆ, ಮೂತಿ ತಗ್ಗುತ್ತದೆ, ಹಿಂಭಾಗ ಹಗುರಾಗುತ್ತದೆ. ಟೈರಿನ ಹಿಡಿತ ಬರುವುದು ಅದರ ಮೇಲೆ ಕೂತ ಭಾರದಿಂದ. ನೇರ ದಾರಿಯಲ್ಲಿ ಹಿಂದಿನ ಟೈರು ಹಗುರಾದರೆ ಏನೂ ಆಗುವುದಿಲ್ಲ. ಲೆಸ್ಮೊದಂಥ ಬಲ ತಿರುವಿನಲ್ಲಿ ಅವು ಕಾರನ್ನು ಪಕ್ಕಕ್ಕೆ ಜಾರದಂತೆ ಪೂರ್ತಿ ಶಕ್ತಿ ಹಾಕಿ ಹಿಡಿದಿರುತ್ತವೆ. ಆ ಗಳಿಗೆಯಲ್ಲಿ ಅವುಗಳ ಮೇಲಿನ ಭಾರ ತೆಗೆದೆ ಎಂದರೆ ಕೈ ಬಿಡಿಸಿದ ಹಾಗೆ. ನೀನು ಓಡಿಸುವ ಕಾರು ಸುಮಾರು 1,200 ಕಿಲೋದ್ದು, ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. ಕಾಲಿನ ತಪ್ಪನ್ನು ಅದು ತಕ್ಷಣ ತೋರಿಸಿಕೊಡುತ್ತದೆ. ಕಲಿಯುವುದಕ್ಕೆ ನಾನೇ ಆರಿಸಿಕೊಟ್ಟಿದ್ದರೂ ಅದನ್ನೇ ಕೊಡುತ್ತಿದ್ದೆ.

ಈ ಆಟ ಮಾಡಿದ ಕೂನೋಸ್ ಸಿಮುಲಾಟ್ಸಿಯೋನಿ ಕಂಪನಿ 2005ರಲ್ಲಿ ಶುರುವಾದದ್ದು. ಅವರ ಕಚೇರಿ ಇರುವುದು ಇಟಲಿಯಲ್ಲಿ, ರೋಮ್ ಹತ್ತಿರದ ವಲ್ಲೆಲುಂಗ ರೇಸ್ ಟ್ರ್ಯಾಕಿನಲ್ಲೇ. ಅಸೆಟ್ಟೊ ಕೋರ್ಸಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ರೇಸಿಗೆ ಕಾರನ್ನು ಹದಗೊಳಿಸಿಟ್ಟ ಬಗೆ, ಸೆಟಪ್. ಹೆಸರಿಗೆ ತಕ್ಕಂತೆ ನಾಲ್ಕೂ ಟೈರುಗಳ ಮೇಲಿನ ಭಾರವನ್ನು ಅದು ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕುತ್ತಿರುತ್ತದೆ. ಆದ್ದರಿಂದ ‘ಆಟದ್ದೇ ಏನೋ ದೋಷ’ ಅಂದುಕೊಳ್ಳಬೇಡ. ಈ ವಿಷಯದಲ್ಲಿ ಅದು ನನ್ನ ಗ್ಯಾರೇಜಿಗೆ ಬರುವ ಕಾರಿನಷ್ಟೇ ಪ್ರಾಮಾಣಿಕ.

ಈಗ ಅಭ್ಯಾಸ. ಮೋಂಜಾ ಒಂದು ವಾರ ಬಿಡು. ಅದೇ ಆಟದಲ್ಲಿ ಮಜೋನೆ ಎಂಬ ಸಣ್ಣ ಟ್ರ್ಯಾಕ್ ಇದೆ, ಎರಡೂವರೆ ಕಿಲೋಮೀಟರ್. ಅಲ್ಲಿ ಒಬ್ಬನೇ ಪ್ರಾಕ್ಟೀಸ್‌ಗೆ ಇಳಿ. ಮೂರನೇ ಗೇರ್ ಹಾಕು, ಮತ್ತೆ ಗೇರ್ ಮುಟ್ಟಬೇಡ, ಬ್ರೇಕೂ ಮುಟ್ಟಬೇಡ. ಆಕ್ಸಿಲರೇಟರ್ ಒಂದರಿಂದಲೇ ಹತ್ತು ಸುತ್ತು ಹಾಕು. ಮೊದಲೆರಡು ಸುತ್ತು ಬೇಸರ ಬರುತ್ತದೆ. ಮೂರನೆಯ ಸುತ್ತಿನಿಂದ ಒಂದು ಸಂಗತಿ ಗಮನಕ್ಕೆ ಬರುತ್ತದೆ: ತಿರುವಿನ ನಡುವೆ ಸ್ಟೇರಿಂಗ್ ಅಲ್ಲಾಡಿಸದೆ ಕಾಲನ್ನು ಒಂದು ಕೂದಲೆಳೆಯಷ್ಟು ಎತ್ತಿದರೆ ಕಾರಿನ ಮೂತಿ ತಾನೇ ಒಳಕ್ಕೆ ಬರುತ್ತದೆ. ಅಷ್ಟೇ ಒತ್ತಿದರೆ ಹೊರಕ್ಕೆ ಹೋಗುತ್ತದೆ. ನನಗೆ ಇದು ಮೊದಲ ಸಲ ಗೊತ್ತಾದ ರಾತ್ರಿ ನಿದ್ದೆ ಬಂದಿರಲಿಲ್ಲ. ಇಷ್ಟು ವರ್ಷ ಸ್ಟೇರಿಂಗ್ ರಾಡ್ ಬಿಚ್ಚಿ ಜೋಡಿಸಿದವನು ನಾನು, ಕಾರು ಪಾದದಿಂದಲೂ ತಿರುಗುತ್ತದೆ ಎಂಬುದು ಪಾದಕ್ಕೇ ಗೊತ್ತಾಗಿರಲಿಲ್ಲ.

ಬೂಟು, ಚಪ್ಪಲಿ ತೆಗೆದು ಬರಿಗಾಲಲ್ಲಿ ಅಥವಾ ತೆಳು ಕಾಲುಚೀಲದಲ್ಲಿ ಕೂರು. ಕುರ್ಚಿಗೆ ಗಾಲಿ ಇದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಅದು ಹಿಂದಕ್ಕೆ ಸರಿಯುತ್ತದೆ, ಕಾಲಿನ ಲೆಕ್ಕ ತಪ್ಪುತ್ತದೆ. ನಾನು ಐದೂ ಗಾಲಿಗೆ ಹಳೇ ಹವಾಯಿ ಚಪ್ಪಲಿ ಕೊಟ್ಟು, ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸಿದ್ದೇನೆ. ಖರ್ಚಿಲ್ಲದ ಈ ಉಪಾಯ ಹೊಸ ಪೆಡಲ್ ಕೊಂಡಷ್ಟೇ ಉಪಯೋಗಕ್ಕೆ ಬಂತು.

ಆಮೇಲೆ ಬ್ರೇಕ್. ಟೈರಿನ ಹಿಡಿತ ಒಂದು ರೊಟ್ಟಿ, ಉಣ್ಣುವವರು ಇಬ್ಬರು, ಬ್ರೇಕ್ ಮತ್ತು ತಿರುವು. ಬ್ರೇಕೇ ಇಡೀ ರೊಟ್ಟಿ ತಿಂದರೆ ತಿರುವಿಗೆ ಚೂರೂ ಉಳಿಯುವುದಿಲ್ಲ, ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ಹೊಸಬರು ಬ್ರೇಕನ್ನು ಅಳುಕುತ್ತ ಒತ್ತಿ, ತಿರುವು ಬಂದೊಡನೆ ತಟ್ಟನೆ ಬಿಡುತ್ತಾರೆ. ಅದು ತಿರುಗುಮುರುಗು. ನೇರದಲ್ಲಿ ಮೊದಲೇ ಗಟ್ಟಿಯಾಗಿ ಒತ್ತು. ಸ್ಟೇರಿಂಗ್ ಎಷ್ಟು ತಿರುಗಿಸುತ್ತೀಯೋ ಅಷ್ಟಷ್ಟೇ ಬ್ರೇಕ್ ಬಿಡುತ್ತಾ ಬಾ. ತಟ್ಟನೆ ಬಿಟ್ಟರೆ ಮೂತಿ ಮೇಲೇಳುತ್ತದೆ, ಮುಂದಿನ ಟೈರಿಗೆ ಬೇಕಾದ ಹೊತ್ತಿನಲ್ಲೇ ಭಾರ ತಪ್ಪುತ್ತದೆ. ಒತ್ತುವುದನ್ನು ಒಂದು ದಿನದಲ್ಲಿ ಕಲಿಯಬಹುದು. ಬಿಡುವುದನ್ನು ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು.

ಉಲ್ಟಾ ಬೀಸುವುದಕ್ಕೆ ಕಾರಣ ನಿನ್ನ ಮುಷ್ಟಿ. ಹಿಂಭಾಗ ಜಾರಿದಾಗ ಮುಂದಿನ ಚಕ್ರಗಳು ಜಾರುವ ದಿಕ್ಕಿಗೆ ತಾವಾಗಿಯೇ ತಿರುಗಲು ನೋಡುತ್ತವೆ. ನಿಜವಾದ ಕಾರಿನಲ್ಲಿ ಇದನ್ನು ಮಾಡುವುದು ಕ್ಯಾಸ್ಟರ್ ಕೋನ (ಮುಂದಿನ ಚಕ್ರ ತಿರುಗುವ ಅಕ್ಷದ ಓರೆ) ಮತ್ತು ಟೈರು ಸೇರಿ, ನಿನ್ನ ಮೇಜಿನ ಮೇಲೆ ಸ್ಟೇರಿಂಗ್ ಒಳಗಿನ ಮೋಟರ್. ನೀನು ಗಟ್ಟಿ ಹಿಡಿದಿದ್ದೀಯ, ಅದಕ್ಕೆ ಓಡಲು ಬಿಡುತ್ತಿಲ್ಲ. ಬೆರಳು ಸಡಿಲಿಸು, ಸ್ಟೇರಿಂಗ್ ಅಂಗೈಯೊಳಗೆ ಓಡಲಿ. ಹಿಂದಿನ ಟೈರು ಮತ್ತೆ ನೆಲ ಕಚ್ಚುವ ಗಳಿಗೆಯಲ್ಲಿ ಅದು ನಡುವಿಗೆ ವಾಪಸ್ ಬರಲು ಎಳೆಯುತ್ತದೆ. ಆಗ ಅದರ ಜೊತೆಗೇ ಬೇಗ ಬಾ. ತಡವಾಗಿ ಬಂದರೆ ಚಕ್ರ ಇನ್ನೂ ಉಲ್ಟಾ ಇರುವಾಗಲೇ ಹಿಡಿತ ಸಿಗುತ್ತದೆ, ಕಾರು ಆ ಕಡೆಗೆ ಎಗರುತ್ತದೆ.

ಇನ್ನು ಗೆಳೆಯರ ನಗು. ಸ್ಟೆಬಿಲಿಟಿ ಕಂಟ್ರೋಲ್ ಹಾಕಿಕೊಂಡೇ ಕಲಿ. ಆ ಆಟದಲ್ಲಿ ಅದನ್ನು ಶೇಕಡಾವಾರು ಇಳಿಸಬಹುದು. ವಾರಕ್ಕೆ ಇಪ್ಪತ್ತರಂತೆ ಇಳಿಸುತ್ತಾ ಹೋಗು. ಸೈಕಲ್ ಕಲಿಯುವಾಗ ಹಿಂದೆ ಸೀಟು ಹಿಡಿದು ಓಡಿದವರು ಎಲ್ಲರಿಗೂ ಇದ್ದರು.

ನಾನು ಶಿವಮೊಗ್ಗದ ಗೃಹಿಣಿ. ಹತ್ತನೇ ತರಗತಿಯ ಮಗ ಪ್ಲೇಸ್ಟೇಷನ್ 5ರಲ್ಲಿ ಗ್ರಾನ್ ಟುರಿಸ್ಮೊ 7 ಆಡುತ್ತಾನೆ. ಸ್ಟೇರಿಂಗ್ ಕೊಡಿಸಿದರೆ ಮಾತ್ರ ಸರಿಯಾಗಿ ಕಲಿಯಬಹುದು ಎಂದು ಹಠ ಹಿಡಿದಿದ್ದಾನೆ. ಕೊಡಿಸಬೇಕೇ?

ಅಕ್ಕಾ, ಈ ವರ್ಷ ಬೇಡ, ಪರೀಕ್ಷೆ ಮುಗಿಯಲಿ. ಅದು ಬಿಟ್ಟರೂ, ಅವನ ಕೈಯಲ್ಲಿರುವ ಕಂಟ್ರೋಲರ್ ಕಡಿಮೆಯದಲ್ಲ. ಅದರ ಎಡ ಟ್ರಿಗರ್ ಬ್ರೇಕ್ ಪೆಡಲ್ಲಿನಂತೆ ಬಿಗಿಯಾಗುತ್ತದೆ, ಟೈರಿನ ಸುದ್ದಿ ಬೆರಳಿಗೆ ಮುಟ್ಟುತ್ತದೆ. ಮೇಲೆ ತಮ್ಮನಿಗೆ ಬರೆದದ್ದನ್ನು ಅವನಿಗೂ ಓದಿಸಿ. ಕಾಲಿನ ಜಾಗದಲ್ಲಿ ತೋರುಬೆರಳು ಎಂದು ಓದಿಕೊಂಡರಾಯಿತು. ಟ್ರಿಗರನ್ನು ಅರ್ಧಕ್ಕೆ ನಿಲ್ಲಿಸುವುದು, ಕಾಲು ಭಾಗಕ್ಕೆ ಇಳಿಸುವುದು ಬಂದರೆ ಅವನು ಅರ್ಧ ದಾರಿ ದಾಟಿದ. ಆಟದಲ್ಲಿ ಜಪಾನಿನ ತ್ಸುಕುಬಾ ಟ್ರ್ಯಾಕ್ ಇದೆ, ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಮಾಜ್ದಾದ ಸಣ್ಣ ರೋಡ್‌ಸ್ಟರ್ ಕಾರಿನಲ್ಲಿ ಅಲ್ಲಿ ಸತತ ಹತ್ತು ಸುತ್ತನ್ನು ಒಂದು ಸೆಕೆಂಡಿನ ಅಂತರದೊಳಗೆ ಮುಗಿಸಿ ತೋರಿಸಲಿ. ತೋರಿಸಿದ ದಿನ ಸ್ಟೇರಿಂಗ್ ಮಾತು ಎತ್ತಬಹುದು, ನಾನು ಅವನ ಪರ.

ಸರ್, ಎಲ್ಲಿ ಬ್ರೇಕ್ ಹಿಡಿಯಬೇಕೆಂದು ಅಂದಾಜೇ ಸಿಗುವುದಿಲ್ಲ. ಪ್ರತಿ ತಿರುವೂ ಇದ್ದಕ್ಕಿದ್ದಂತೆ ಎದುರಾಗುತ್ತದೆ. — ಬೆಂಗಳೂರಿನ ಓದುಗರು

ಪರದೆಯ ನೋಟದ ಅಗಲ, ಅಂದರೆ ಫೀಲ್ಡ್ ಆಫ್ ವ್ಯೂ, ನೋಡಿದ್ದೀರಾ? ಅದನ್ನು ತುಂಬಾ ಅಗಲ ಇಟ್ಟರೆ ತಿರುವು ದೂರದಲ್ಲಿದ್ದಂತೆ ಕಂಡು ಕೊನೆಗೆ ಒಮ್ಮೆಲೇ ಮೈಮೇಲೆ ಬರುತ್ತದೆ. 24 ಇಂಚಿನ ಮಾನಿಟರ್, ಕಣ್ಣಿನಿಂದ 65 ಸೆಂಟಿಮೀಟರ್ ದೂರ ಎಂದಾದರೆ, ನಿಜಕ್ಕೆ ಹೊಂದುವ ಲಂಬ ಕೋನ ಸುಮಾರು 26 ಡಿಗ್ರಿ. ಕಿಟಕಿಯಿಂದ ಇಣುಕಿದ ಹಾಗೆ ಇಕ್ಕಟ್ಟೆನಿಸುತ್ತದೆ. ನಾನು 34ಕ್ಕೆ ಇಟ್ಟುಕೊಂಡಿದ್ದೇನೆ. ಮಾನಿಟರನ್ನು ಹತ್ತಿರ ಎಳೆದುಕೊಂಡರೆ ಇನ್ನೂ ಒಳ್ಳೆಯದು. ಮತ್ತೆ, ಎಲ್ಲಿ ಬ್ರೇಕ್ ಹಿಡಿಯಬೇಕೆಂದು ಬಣ್ಣ ಬದಲಾಯಿಸಿ ತೋರಿಸುವ ಐಡಿಯಲ್ ಲೈನ್ ಬಂದ್ ಮಾಡಿ. ಅದು ಕಾಣುತ್ತಿರುವಷ್ಟು ದಿನ ಕಣ್ಣು ತಿರುವು ಎಷ್ಟು ದೂರ ಎಂದು ಹೇಳುವ ಪಕ್ಕದ ಫಲಕ ನೋಡುವುದೇ ಇಲ್ಲ.

ಬೇರೆಯವರ ಸೆಟಪ್ ಹಾಕಿಕೊಂಡರೂ ನನ್ನ ಕಾರು ಹಿಂದಿನಿಂದ ಜಾರುತ್ತದೆ. ಯಾವ ಭಾಗ ಬದಲಿಸಲಿ? — ಮಂಗಳೂರಿನ ಓದುಗರು

ಇದು ನನ್ನ ದಿನನಿತ್ಯದ ಕೆಲಸ. ಮೊದಲು ಮುಟ್ಟಬೇಕಾದದ್ದು ಸ್ಟೆಬಿಲೈಸರ್ ಬಾರ್, ಅಂದರೆ ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು. ಹಿಂದಿನದನ್ನು ಒಂದು ಹಂತ ಮೆತ್ತಗೆ ಮಾಡಿ, ಸಾಲದಿದ್ದರೆ ಮುಂದಿನದನ್ನು ಒಂದು ಹಂತ ಗಟ್ಟಿ ಮಾಡಿ. ಯಾವ ತುದಿಯ ಬಾರ್ ಗಟ್ಟಿಯೋ ಆ ತುದಿಯ ಹೊರಗಿನ ಟೈರಿನ ಮೇಲೆ ಹೆಚ್ಚು ಭಾರ ಬೀಳುತ್ತದೆ, ಆ ತುದಿ ಬೇಗ ಜಾರುತ್ತದೆ. ಹಿಂದಿನ ಚಕ್ರದ ಟೋ, ಅಂದರೆ ಚಕ್ರದ ಮುಂತುದಿ ನೋಡುವ ದಿಕ್ಕು, ಸ್ವಲ್ಪ ಒಳಮುಖ ಇರಲಿ. ಬ್ರೇಕ್ ಹಿಡಿದಾಗಲೇ ಜಾರುವುದಾದರೆ ಬ್ರೇಕ್ ಬಯಾಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ಪ್ರಮಾಣ) ಮುಂದಕ್ಕೆ ಸರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಐದು ಸುತ್ತು ಹಾಕಿ, ವಹಿಯಲ್ಲಿ ಬರೆದುಕೊಳ್ಳಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯುವುದಿಲ್ಲ.

ಹಿಂಭಾಗದ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿರಲು ಕಾರಣವಿದೆ. ಕೆಲವು ವರ್ಷದ ಹಿಂದೆ ಒಬ್ಬ ಗಿರಾಕಿ ಎರಡೇ ಹೊಸ ಟೈರು ತಂದರು. ‘ಎಂಜಿನ್ ಮುಂದಿದೆ, ಎಳೆಯುವುದೂ ಮುಂದಿನ ಚಕ್ರ, ಹೊಸದು ಮುಂದಕ್ಕೇ ಹಾಕು’ ಅಂದರು. ಹಿಂದಕ್ಕೆ ಹಾಕೋಣ ಎಂದು ಒಮ್ಮೆ ಹೇಳಿ ಸುಮ್ಮನಾದೆ, ಅವರು ಹೇಳಿದಂತೆ ಹಾಕಿಕೊಟ್ಟೆ. ಜೂನ್ ಮಳೆಯಲ್ಲಿ ಧಾರವಾಡದ ಕಡೆ ಬೈಪಾಸಿನ ಬಾಗಿನಲ್ಲಿ ಅವರು ಆಕ್ಸಿಲರೇಟರ್ ಬಿಟ್ಟರಂತೆ, ಕಾರು ಪೂರಾ ಹಿಂದುಮುಂದಾಗಿ ನಿಂತಿತು. ಎದುರಿಗೆ ಲಾರಿ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಎರಡೇ ಹೊಸ ಟೈರು ತಂದವರಿಗೆ ಹಿಂದಕ್ಕೇ ಹಾಕುತ್ತೇನೆ, ಒಪ್ಪದಿದ್ದರೆ ಕೆಲಸ ಹಿಡಿಯುವುದಿಲ್ಲ.

ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ, ಊರು ಧಾರವಾಡ. ಆಟದಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ನೊರ್ಡ್‌ಶ್ಲೈಫ ಟ್ರ್ಯಾಕನ್ನು ಐನೂರು ಸುತ್ತು ಹಾಕಿದ್ದೇನೆ. ಈಗ ನನ್ನ ಸ್ವಂತ ಕಾರಿನಲ್ಲಿ ಅಲ್ಲಿಗೆ ಹೋಗಬೇಕೆಂದಿದ್ದೇನೆ. ಆಟದಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ. ಅದಕ್ಕೆ ಸಾಕ್ಷಿಯೂ ಇದೆ. ಗ್ರಾನ್ ಟುರಿಸ್ಮೊ ಆಡುವವರಿಂದ ರೇಸರ್‌ಗಳನ್ನು ಆರಿಸುತ್ತಿದ್ದ ಜಿಟಿ ಅಕಾಡೆಮಿ ಸ್ಪರ್ಧೆಯಲ್ಲಿ 2008ರಲ್ಲಿ ಸ್ಪೇನಿನ ಲೂಕಾಸ್ ಒರ್ಡೋನ್ಯೆಸ್ ಗೆದ್ದರು. 2011ರಲ್ಲಿ ಲೆ ಮಾನ್ 24 ಗಂಟೆ ರೇಸಿನಲ್ಲಿ ಅವರ ತಂಡ ತನ್ನ ವರ್ಗದಲ್ಲಿ ಎರಡನೆಯದಾಯಿತು. 2011ರ ಸ್ಪರ್ಧೆ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ 2013ರಲ್ಲಿ ಅಲ್ಲೇ ತಮ್ಮ ವರ್ಗದಲ್ಲಿ ಮೂರನೆಯವರಾಗಿ ಬಂದರು. ಅಂಗೈ, ಅಂಗಾಲು, ಕಣ್ಣು ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ. ನೀವು ಓಡಿಸಿರುವ ಟ್ರ್ಯಾಕನ್ನು ಲೇಸರಿನಿಂದ ಅಳೆದು ಮಾಡಿದ್ದು. 20.8 ಕಿಲೋಮೀಟರಿನಲ್ಲಿ ಯಾವ ದಿಬ್ಬದ ಆಚೆ ದಾರಿ ಯಾವ ಕಡೆ ಹೊರಳುತ್ತದೆ ಎಂದು ನಿಮಗೆ ಬಾಯಿಪಾಠ ಇರುತ್ತದೆ. ಮೊದಲ ಸಲ ಹೋಗುವವರಿಗೆ ಅದಕ್ಕಿಂತ ದೊಡ್ಡ ಬಲ ಇಲ್ಲ.

ಆದರೆ ಆ ಟ್ರ್ಯಾಕಿನ ಏರಿಳಿತ ಸುಮಾರು 300 ಮೀಟರ್. ಫುಕ್ಸ್‌ರೋರೆ ಇಳಿಜಾರಿನ ತಳದಲ್ಲಿ ಕಾರು ನೆಲಕ್ಕೆ ಒತ್ತಿಕೊಂಡಾಗ ಆಟದಲ್ಲಿ ಪರದೆ ಒಮ್ಮೆ ನಡುಗುತ್ತದೆ, ಅಷ್ಟೆ. ಅಲ್ಲಿ ನಿಮ್ಮ ಹೊಟ್ಟೆಯೇ ಸೀಟಿಗೆ ಇಳಿಯುತ್ತದೆ, ಕಾಲಿನ ಅಂದಾಜು ತಪ್ಪುತ್ತದೆ. ಆಟದಿಂದ ಬಂದ ಅದೇ ಮಾರ್ಡನ್‌ಬರೊ ಮೂರು ವರ್ಷಕ್ಕೂ ಹೆಚ್ಚು ಕಾಲ ನಿಜವಾದ ರೇಸ್ ಓಡಿಸಿದ ಮೇಲೆ, 2015ರ ಮಾರ್ಚ್‌ನಲ್ಲಿ ಇದೇ ಟ್ರ್ಯಾಕಿನ ಫ್ಲೂಗ್‌ಪ್ಲಾಟ್ಸ್ ದಿಬ್ಬದಲ್ಲಿ ಅವರ ಕಾರು ಗಾಳಿಗೆ ಎದ್ದು ಬೇಲಿ ದಾಟಿತು. ನೋಡಲು ನಿಂತಿದ್ದ ಒಬ್ಬರು ತೀರಿಕೊಂಡರು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಆ ದಿಬ್ಬವನ್ನು ನೀವು ಐನೂರು ಸಲ ದಾಟಿದ್ದೀರಿ, ಅಲ್ಲಿ ನಿಮ್ಮ ಕಾಲು ಅಭ್ಯಾಸಬಲದಿಂದ ಪೂರ್ತಿ ಒತ್ತಲು ಹೊರಡುತ್ತದೆ. ದಯವಿಟ್ಟು ಒತ್ತಬೇಡಿ.

ಹೋಗುವ ಮುನ್ನ ಬ್ರೇಕ್ ಆಯಿಲ್ ಬದಲಿಸಿ, ಪ್ಯಾಡ್ ಎಷ್ಟು ಉಳಿದಿದೆ ನೋಡಿ, ಟೈರಿನ ಗಾಳಿ ತಣ್ಣಗಿದ್ದಾಗಲೇ ಅಳೆಯಿರಿ. ವಿಮೆ ಆ ದಾರಿಗೆ ಅನ್ವಯಿಸುತ್ತದೆಯೇ ಎಂದು ಕಾಗದ ತೆಗೆದು ಓದಿ. ಸಾರ್ವಜನಿಕರಿಗೆ ಬಿಡುವ ಹೊತ್ತಿನಲ್ಲಿ ಸಮಯ ಅಳೆಯುವಂತಿಲ್ಲ, ಎಡದಿಂದಷ್ಟೇ ಓವರ್‌ಟೇಕ್ ಮಾಡಬೇಕು. ಕನ್ನಡಿ ನೋಡುತ್ತಲೇ ಇರಿ. ವೇಗದವರು ಬಂದರೆ ಇಂಡಿಕೇಟರ್ ಹಾಕಿ ಬಲಕ್ಕೆ ಸರಿದು ದಾರಿ ಬಿಡಿ. ಮೊದಲ ಎರಡು ಸುತ್ತು ನಿಮಗೆ ಗೊತ್ತಿರುವ ವೇಗದ ಅರ್ಧದಲ್ಲಿ ಹೋಗಿ. ವಾಪಸ್ ಬಂದ ಮೇಲೆ, ಯಾವ ತಿರುವು ಆಟದಲ್ಲಿ ಇದ್ದಂತೆ ಇರಲಿಲ್ಲ ಎಂದು ನನಗೊಂದು ಪತ್ರ ಬರೆಯಿರಿ. ಕಾಯುತ್ತಿರುತ್ತೇನೆ.