ಡೆಬಿಯನ್, ರಾಕಿ ಲಿನಕ್ಸ್, ಫ್ರೀಬಿಎಸ್‌ಡಿ, ವಿಂಡೋಸ್ ಸರ್ವರ್: ಡೇಟಾಬೇಸ್ ಸರ್ವರ್‌ಗೆ ಯಾವುದು ವೇಗ, ಯಾವುದು ಸ್ಥಿರ? ಒಬ್ಬೊಬ್ಬ ವಿಮರ್ಶಕರು ಒಂದೊಂದು ಹೇಳುತ್ತಾರೆ, ಯಾರನ್ನು ನಂಬಲಿ?

ಯಾರನ್ನೇ ನಂಬುವ ಮುಂಚೆ ಅವರು ಅಳೆದದ್ದು ಏನನ್ನು ಅಂತ ನೋಡಿ. ಒಂದೇ ಯಂತ್ರದ ಮೇಲೆ ಈ ನಾಲ್ಕನ್ನೂ ಹಾಕಿ ನೋಡಿದಾಗ ಕಾಣುವ ವ್ಯತ್ಯಾಸದ ದೊಡ್ಡ ಪಾಲು ಆಪರೇಟಿಂಗ್ ಸಿಸ್ಟಮ್‌ನದ್ದಲ್ಲ, ಅದರ ಡೀಫಾಲ್ಟ್ ಸೆಟ್ಟಿಂಗ್‌ಗಳದ್ದು.

ರಾಕಿ ಸೇರಿದ ರೆಡ್ ಹ್ಯಾಟ್ ಬಳಗದಲ್ಲಿ, ಸರ್ವರ್ ಇನ್‌ಸ್ಟಾಲ್ ಆದರೆ ಟ್ಯೂನ್ಡ್ ಎಂಬ ಸೇವೆ ಸಾಮಾನ್ಯವಾಗಿ ಮೊದಲಿನಿಂದಲೇ ಸಿಪಿಯು ಗವರ್ನರ್ (ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕೆಂದು ನಿರ್ಧರಿಸುವ ಭಾಗ) ಅನ್ನು ಪರ್ಫಾರ್ಮೆನ್ಸ್‌ಗೆ ಇಟ್ಟಿರುತ್ತದೆ. ಡೆಬಿಯನ್‌ನಲ್ಲಿ ಅದನ್ನು ನೀವೇ ಹಾಕಿಕೊಳ್ಳಬೇಕು. ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಮ್ ಕೂಡ ಬೇರೆ ಬೇರೆ: ರಾಕಿಯಲ್ಲಿ ಎಕ್ಸ್‌ಎಫ್‌ಎಸ್, ಡೆಬಿಯನ್‌ನಲ್ಲಿ ಇಎಕ್ಸ್‌ಟಿ4, ಫ್ರೀಬಿಎಸ್‌ಡಿಯಲ್ಲಿ ಸಾಮಾನ್ಯವಾಗಿ ಝಡ್‌ಎಫ್‌ಎಸ್. ಈ ಝಡ್‌ಎಫ್‌ಎಸ್ ಒಂದನ್ನೇ ಹತ್ತಿರದಿಂದ ನೋಡಿ. ಅದರ ರೆಕಾರ್ಡ್‌ಸೈಜ್ (ಒಂದೇ ತುಂಡಾಗಿ ಬರೆಯುವ ಡೇಟಾದ ಗರಿಷ್ಠ ಗಾತ್ರ) ಡೀಫಾಲ್ಟ್ ಆಗಿ 128 ಕೆಬಿ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಡೇಟಾ ಇಡುವ ಪುಟದ ಗಾತ್ರ 8 ಕೆಬಿ. ಒಂದು ಪುಟ ಬದಲಾದರೂ ಇಡೀ ರೆಕಾರ್ಡನ್ನು ಮತ್ತೆ ಬರೆಯಬೇಕು, ಅಂದರೆ ಹದಿನಾರು ಪಟ್ಟು ಕೆಲಸ. ಅದು ಕ್ಯಾಶ್‌ನಲ್ಲಿ ಇಲ್ಲದಿದ್ದರೆ ಮೊದಲು ಓದಲೂ ಬೇಕು. ರೆಕಾರ್ಡ್‌ಸೈಜ್ ಅನ್ನು 8 ಅಥವಾ 16 ಕೆಬಿಗೆ ಇಳಿಸಿದರೆ ಚಿತ್ರವೇ ಬೇರೆ, ಆದರೆ ಡೇಟಾ ತುಂಬುವ ಮೊದಲೇ ಇಳಿಸಬೇಕು. ಆಗಲೇ ಬರೆದಾದ ಫೈಲ್‌ಗಳು ಹಳೆಯ ಗಾತ್ರದಲ್ಲೇ ಉಳಿಯುತ್ತವೆ. ಇದನ್ನು ಮಾಡದೆ "ಫ್ರೀಬಿಎಸ್‌ಡಿ ನಿಧಾನ" ಎಂದು ಬರೆದ ವಿಮರ್ಶೆಯನ್ನು ಪಕ್ಕಕ್ಕಿಡಿ.

ಪಕ್ಷಪಾತದ ವಿಷಯಕ್ಕೆ 1999ರ ಮೈಂಡ್‌ಕ್ರಾಫ್ಟ್ ಪರೀಕ್ಷೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೈಕ್ರೋಸಾಫ್ಟ್ ಹಣ ಕೊಟ್ಟು ಮಾಡಿಸಿದ ಆ ಪರೀಕ್ಷೆಯಲ್ಲಿ ಅಂದಿನ ವಿಂಡೋಸ್ ಸರ್ವರ್ ಆದ ಎನ್‌ಟಿ 4.0, ಲಿನಕ್ಸ್‌ಗಿಂತ ಫೈಲ್ ಸರ್ವರ್ ಆಗಿ 2.5 ಪಟ್ಟು, ವೆಬ್ ಸರ್ವರ್ ಆಗಿ 3.7 ಪಟ್ಟು ವೇಗ ಎಂದು ಬಂತು. ಲಿನಕ್ಸ್ ಕಡೆಯನ್ನು ಸರಿಯಾಗಿ ಟ್ಯೂನ್ ಮಾಡಿಲ್ಲ ಎಂಬ ಆಕ್ಷೇಪ ಎದ್ದಿತು, ಅದರಲ್ಲಿ ಹುರುಳೂ ಇತ್ತು. ಆದರೆ ಲಿನಕ್ಸ್ ಬಲ್ಲವರನ್ನೇ ಕೂರಿಸಿಕೊಂಡು ಮತ್ತೆ ಮಾಡಿದಾಗಲೂ ಗೆದ್ದದ್ದು ಎನ್‌ಟಿಯೇ. ನಾಲ್ಕು ಪ್ರೊಸೆಸರ್, ನಾಲ್ಕು ನೆಟ್‌ವರ್ಕ್ ಕಾರ್ಡ್ ಇದ್ದ ಆ ಯಂತ್ರದಲ್ಲಿ ಲಿನಕ್ಸ್‌ನ ಅಂದಿನ ನೆಟ್‌ವರ್ಕ್ ಪದರ ಎಲ್ಲ ಪ್ರೊಸೆಸರ್‌ಗಳನ್ನೂ ಬಳಸಿಕೊಳ್ಳಲಾಗದೆ ಕೆಲಸಗಳನ್ನು ಒಂದರ ಹಿಂದೆ ಒಂದು ಸಾಲು ಹಚ್ಚುತ್ತಿತ್ತು. 2001ರಲ್ಲಿ ಬಂದ ಲಿನಕ್ಸ್‌ನ 2.4 ಕರ್ನಲ್‌ನಲ್ಲಿ (ಸಿಸ್ಟಮ್‌ನ ತಿರುಳು) ಅದು ಸರಿಹೋಯಿತು. ಹಾಗಾಗಿ ದುಡ್ಡು ಯಾರದ್ದು ಎಂದು ಕೇಳಿ, ಆದರೆ ಅಷ್ಟಕ್ಕೇ ಫಲಿತಾಂಶವನ್ನು ತಳ್ಳಿಹಾಕಬೇಡಿ. ನನ್ನ ಮಟ್ಟಿಗೆ ದುಡ್ಡಿಗಿಂತ ಹೆಚ್ಚು ಕೆಡಿಸುವುದು ಪರಿಚಯ: ವಿಮರ್ಶಕರು ತಮಗೆ ಗೊತ್ತಿರುವ ಸಿಸ್ಟಮ್ ಅನ್ನು ಕೈಯಾರೆ ತಿದ್ದಿ ತೀಡಿ, ಗೊತ್ತಿಲ್ಲದ್ದನ್ನು ಬಂದ ಹಾಗೇ ಓಡಿಸುತ್ತಾರೆ. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಇನ್ನೊಂದು, ಒರಾಕಲ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ಗಳ ಲೈಸೆನ್ಸ್‌ನಲ್ಲಿ ಅನುಮತಿಯಿಲ್ಲದೆ ಬೆಂಚ್‌ಮಾರ್ಕ್ (ವೇಗದ ಪರೀಕ್ಷೆಯ ಫಲಿತಾಂಶ) ಪ್ರಕಟಿಸಬಾರದು ಎಂಬ ಷರತ್ತಿದೆ. ಎಷ್ಟೋ ಹೋಲಿಕೆಗಳು ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಅದೂ ಒಂದು ಕಾರಣ.

ಸ್ಥಿರತೆಗೆ ಅಪ್‌ಟೈಮ್, ಅಂದರೆ ರೀಬೂಟ್ ಇಲ್ಲದೆ ಓಡಿದ ಅವಧಿ, ಅಳತೆಗೋಲಲ್ಲ. ಹಿಂದೆ ನೆಟ್‌ಕ್ರಾಫ್ಟ್ ಸಂಸ್ಥೆ ಪ್ರಕಟಿಸುತ್ತಿದ್ದ ಅಪ್‌ಟೈಮ್ ಪಟ್ಟಿಯ ತುದಿಯಲ್ಲಿ ಲಿನಕ್ಸ್ ಬರಲು ಸಾಧ್ಯವೇ ಇರಲಿಲ್ಲ. ಅದರ ಅಪ್‌ಟೈಮ್ ಲೆಕ್ಕ ಇಡುತ್ತಿದ್ದ, ಸೆಕೆಂಡಿಗೆ 100ರಂತೆ ಏರುವ 32 ಬಿಟ್ ಎಣಿಕೆ 497 ದಿನಕ್ಕೆ ತುಂಬಿ ಸೊನ್ನೆಗೆ ಮರಳುತ್ತಿತ್ತು, ಅಷ್ಟೆ. ಅಲ್ಲದೆ ಎರಡು ವರ್ಷ ರೀಬೂಟ್ ಆಗದ ಸರ್ವರ್ ಅಂದರೆ, ಲೈವ್ ಪ್ಯಾಚಿಂಗ್ (ಓಡುತ್ತಿರುವಾಗಲೇ ಕರ್ನಲ್ ತಿದ್ದುವುದು) ಇಲ್ಲದಿದ್ದರೆ, ಎರಡು ವರ್ಷ ಕರ್ನಲ್ ಪ್ಯಾಚ್ ಕಾಣದ ಸರ್ವರ್. ನೀವು ನೋಡಬೇಕಾದದ್ದು ಅಪ್‌ಡೇಟ್ ಹಾಕಿದಾಗ ಏನು ಮುರಿಯುತ್ತದೆ, ಬೆಂಬಲ ಎಷ್ಟು ವರ್ಷ ಇರುತ್ತದೆ ಎಂಬುದನ್ನು. 2029ರವರೆಗೆ ಇರುತ್ತದೆಂದು ಜನ ನಂಬಿಕೊಂಡಿದ್ದ, ರೆಡ್ ಹ್ಯಾಟ್ ಬಳಗದ ಉಚಿತ ಸಿಸ್ಟಮ್ ಸೆಂಟ್‌ಓಎಸ್ 8, ಒಂದು ವರ್ಷದ ಮುನ್ಸೂಚನೆಯಲ್ಲಿ 2021ರ ಕೊನೆಗೆ ಮುಗಿಯಿತು. ಒಂದು ಸಲವೂ ಕ್ರ್ಯಾಶ್ ಆಗದವರೂ ಆಗ ಸರ್ವರ್‌ಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು.

ನೀವೇ ಅಳೆಯುವುದಾದರೆ ಅದೇ ಯಂತ್ರ, ಅದೇ ಡಿಸ್ಕ್. ಪ್ರತಿ ಇನ್‌ಸ್ಟಾಲ್‌ಗೂ ಮೊದಲು ಎಸ್‌ಎಸ್‌ಡಿಯನ್ನು ಪೂರ್ತಿ ಡಿಸ್ಕಾರ್ಡ್ ಮಾಡಿ (ಎಲ್ಲ ಜಾಗವೂ ಖಾಲಿ ಎಂದು ಡಿಸ್ಕ್‌ಗೆ ತಿಳಿಸಿ), ಇಲ್ಲವಾದರೆ ಕೊನೆಗೆ ಹಾಕಿದ ಸಿಸ್ಟಮ್‌ಗೆ ಬಳಸಿ ಹಳತಾದ ಡಿಸ್ಕ್ ಸಿಗುತ್ತದೆ. ಸಿಪಿಯುವಿನ ಭದ್ರತಾ ದೋಷಗಳಿಗೆ ಹಾಕುವ ತಡೆಗಳು (ಮಿಟಿಗೇಶನ್) ಎಲ್ಲದರಲ್ಲೂ ಒಂದೇ ಸ್ಥಿತಿಯಲ್ಲಿರಲಿ. ಡೇಟಾ ರ‍್ಯಾಮ್‌ನ ಎರಡು ಪಟ್ಟಾದರೂ ಇರಬೇಕು. ಚಿಕ್ಕದಾದರೆ ನೀವು ಅಳೆಯುವುದು ಮೆಮೊರಿಯನ್ನು, ಡಿಸ್ಕನ್ನಲ್ಲ. ಹತ್ತು ನಿಮಿಷ ಬಿಸಿಯಾಗಲು ಬಿಟ್ಟು ಅರ್ಧ ಗಂಟೆ ಓಡಿಸಿ, ರೀಬೂಟ್ ಮಾಡಿ, ಹೀಗೆ ಐದು ಸಲ. ಸರಾಸರಿ ಬೇಡ, 99ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 99 ವಿನಂತಿಗಳು ಎಷ್ಟು ಹೊತ್ತಿನೊಳಗೆ ಮುಗಿದವು ಎಂಬುದನ್ನು ಬರೆದಿಡಿ. ಲೋಡ್ ಕೊಡುವ ಉಪಕರಣ ಉತ್ತರ ಬಂದ ಮೇಲಷ್ಟೇ ಮುಂದಿನ ವಿನಂತಿ ಕಳಿಸುವ ಬಗೆಯದಾದರೆ, ಸರ್ವರ್ ಎರಡು ಸೆಕೆಂಡ್ ನಿಂತರೂ ಪ್ರತಿ ಸಂಪರ್ಕದಲ್ಲಿ ಒಂದೇ ವಿನಂತಿ ತಡವಾದಂತೆ ಲೆಕ್ಕವಾಗುತ್ತದೆ. ಆದ್ದರಿಂದ ಸೆಕೆಂಡಿಗೆ ಇಂತಿಷ್ಟು ಎಂದು ನಿಗದಿತ ವೇಗದಲ್ಲಿ ಕಳಿಸಿ. ಐದು ಓಟಗಳ ನಡುವಿನ ಏರುಪೇರಿಗಿಂತ ಎರಡು ಸಿಸ್ಟಮ್‌ಗಳ ಅಂತರ ಕಡಿಮೆಯಿದ್ದರೆ ಅವು ಸಮ. ಆಗ ನಿಮ್ಮ ತಂಡಕ್ಕೆ ಚೆನ್ನಾಗಿ ಗೊತ್ತಿರುವುದನ್ನೇ ಆರಿಸಿ.

ಕೊನೆಗೆ, ಬರೆಯುವ ಲೋಡ್ ನಡೆಯುತ್ತಿರುವಾಗಲೇ ಪವರ್ ಕೇಬಲ್ ಕೀಳಿ. ಮತ್ತೆ ಬೂಟ್ ಆದ ಮೇಲೆ, ಡೇಟಾಬೇಸ್ "ಕಮಿಟ್ ಆಯಿತು" (ಕಾಯಂ ಆಗಿ ಉಳಿಸಿದೆ) ಎಂದು ಹೇಳಿದ್ದ ಪ್ರತಿ ಸಾಲೂ ಇದೆಯೇ ಎಂದು ಇನ್ನೊಂದು ಯಂತ್ರದಲ್ಲಿ ಇಟ್ಟ ಲಾಗ್ ಜೊತೆ ತಾಳೆ ನೋಡಿ. ಒಂದೊಂದು ಸಿಸ್ಟಮ್‌ನಲ್ಲೂ ಹತ್ತು ಸಲ ಮಾಡಿ. ಎಫ್‌ಸಿಂಕ್ (ಡೇಟಾವನ್ನು ನಿಜಕ್ಕೂ ಡಿಸ್ಕ್‌ಗೆ ಬರೆದು ಮುಗಿಸು ಎಂಬ ಆಜ್ಞೆ) ಅನುಮಾನ ಬರುವಷ್ಟು ವೇಗವಾಗಿ ಮುಗಿಯುತ್ತಿದ್ದ ಕಡೆ, ಆ ವೇಗ ಎಲ್ಲಿಂದ ಬಂದಿತ್ತು ಎಂಬುದು ಇಲ್ಲಿ ಗೊತ್ತಾಗುತ್ತದೆ.