ಎರೆಭೂಮಿಯ ಪಂಪ್ ಹೌಸ್ ಗೋಡೆ ವರ್ಷವರ್ಷವೂ ಸೀಳುತ್ತಿದ್ದರೆ ಕೆಡವಿ ಕಟ್ಟಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ರೋಣ ತಾಲ್ಲೂಕಿನ ನಿಮ್ಮ ಊರಿನಲ್ಲಿ ಕುಡಿಯುವ ನೀರಿನ ಪಂಪ್ ಹೌಸಿನ ಇಟ್ಟಂಗಿ ಗೋಡೆ ಮೂಲೆಯಿಂದ ಕಿಟಕಿಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಸೀಳಿದೆ, ಮೂರು ಸಲ ಗಿಲಾಯ (ಪ್ಲಾಸ್ಟರ್) ಮಾಡಿಸಿದರೂ ಬೇಸಿಗೆ ಬಂದೊಡನೆ ಅದೇ ಜಾಗದಲ್ಲಿ ಬಾಯಿ ಬಿಡುತ್ತದೆ, ಪಕ್ಕದ ವಾಲ್ವ್ ಚೇಂಬರಿನ (ವಾಲ್ವು ಕೂರಿಸಿದ ಗುಂಡಿಯ) ಒಳಗಿನ ಗಿಲಾಯವೂ ಹಪ್ಪಳದಂತೆ ಕಳಚುತ್ತಿದೆ, ಎರಡನ್ನೂ ಕೆಡವಿ ಕಟ್ಟಿಸುವ ಅಂದಾಜುಪಟ್ಟಿ ಪಂಚಾಯಿತಿಯಲ್ಲಿ ಸಿದ್ಧವಾಗುತ್ತಿದೆ. ನಾನು ಹುಬ್ಬಳ್ಳಿಯವನು. ಗೌಂಡಿ ಕೆಲಸದಿಂದ ಆರಂಭಿಸಿ ಮುಂದೆ ಸಣ್ಣ ಗುತ್ತಿಗೆಗಳನ್ನು ಹಿಡಿದು, ಧಾರವಾಡ ಮತ್ತು ಗದಗ ಜಿಲ್ಲೆಗಳಲ್ಲಿ ಪಂಪ್ ಹೌಸ್, ವಾಲ್ವ್ ಚೇಂಬರ್, ವಿದ್ಯುತ್ ಕೇಂದ್ರಗಳ ಕಂಪೌಂಡ್ ಗೋಡೆಗಳನ್ನು ಕಟ್ಟಿದ ಮತ್ತು ರಿಪೇರಿ ಮಾಡಿದ ಅನುಭವದಿಂದ ಉತ್ತರಿಸುತ್ತಿದ್ದೇನೆ. ಗೋಡೆಯನ್ನು ಈಗಲೇ ಕೆಡವಬೇಡಿ. ಕೆಡವಿ ಅದೇ ಪಾಯದ ಮೇಲೆ, ಅದೇ ನೀರಿನ ನಡುವೆ ಕಟ್ಟಿದರೆ ಹೊಸ ಗೋಡೆಯೂ ಎರಡನೆಯ ಬೇಸಿಗೆಗೆ ಸೀಳುತ್ತದೆ.

ರೋಣ, ನರಗುಂದ, ನವಲಗುಂದಗಳ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗುವ ಬಿರುಕುಗಳನ್ನು ನೀವು ನೋಡಿಯೇ ಇರುತ್ತೀರಿ. ನಿಮ್ಮ ಪಂಪ್ ಹೌಸ್ ನಿಂತಿರುವುದೂ ಅಂಥದೇ ನೆಲದ ಮೇಲೆ. ಕಟ್ಟಡದ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲು ತಾಗುವುದಿಲ್ಲವಾದ್ದರಿಂದ ಅದು ಹಸಿಯಾಗಿಯೇ ಉಳಿಯುತ್ತದೆ, ಮೂಲೆಗಳ ಕೆಳಗಿನ ಮಣ್ಣು ಮಾತ್ರ ಒಣಗಿ ಕುಸಿಯುತ್ತದೆ. ಹೀಗೆ ಮೂಲೆ ಕುಸಿದಾಗ ಬಿರುಕು ಮೇಲ್ಗಡೆ ಅಗಲವಾಗಿ ಕೆಳಗಡೆ ಕಿರಿದಾಗಿರುತ್ತದೆ. ನಡುಭಾಗ ಕುಸಿದಿದ್ದರೆ ಇದಕ್ಕೆ ತಿರುಗುಮುರುಗಾಗಿರುತ್ತದೆ. ನಿಮ್ಮ ಗೋಡೆಯಲ್ಲಿ ಯಾವುದು ಎಂಬುದನ್ನು ಮೊದಲು ನೋಡಿಕೊಳ್ಳಿ. ಕಿಟಕಿಯ ಲಿಂಟಲ್ (ಕಿಟಕಿಯ ಮೇಲಿನ ಕಾಂಕ್ರೀಟು ತೊಲೆ) ಗುಂಟ ಅಡ್ಡಲಾಗಿ ಹೋಗುವ ಬಿರುಕಿನ ಕಥೆ ಬೇರೆ. ಬ್ಲೀಚಿಂಗ್ ಪುಡಿಯ ಚೀಲಗಳನ್ನು ಪಂಪ್ ಹೌಸಿನ ಒಳಗೇ ಒಟ್ಟುವುದು ನಮ್ಮ ಕಡೆ ರೂಢಿ. ಅದರ ಹೊಗೆ ಲಿಂಟಲಿನ ಸರಳಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಡೆದು ಅದರ ಮೇಲಿನ ಇಟ್ಟಂಗಿ ಸಾಲು (ವರಸೆ) ಎದ್ದು ನಿಲ್ಲುತ್ತದೆ. ಅಂಥ ಬಿರುಕಿಗೆ ಪಾಯವನ್ನು ಅಗೆದು ಪ್ರಯೋಜನವಿಲ್ಲ. ಲಿಂಟಲ್ ಬದಲಿಸಿ, ಚೀಲಗಳನ್ನು ಬೇರೆ ಕೋಣೆಗೆ ಸಾಗಿಸಬೇಕು.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನವಲಗುಂದ ತಾಲ್ಲೂಕಿನ ಒಂದು ಪಂಪ್ ಹೌಸಿನ ದಕ್ಷಿಣದ ಮೂಲೆ ಹೀಗೆಯೇ ಸೀಳಿದಾಗ, ಬಲವಾಗಿರಲೆಂದು ಒಂದಕ್ಕೆ ಮೂರರ (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕಿನ) ಸಿಮೆಂಟು ಗಾರೆಯನ್ನು ತುಂಬಿ ಗಿಲಾಯ ಎಳೆದು ಬಿಲ್ಲು ಪಡೆದಿದ್ದೆ. ಮುಂದಿನ ಏಪ್ರಿಲ್‌ನಲ್ಲಿ ನಾನು ತುಂಬಿದ ಗೆರೆ ಕಲ್ಲಿನಂತೆ ಹಾಗೆಯೇ ಇತ್ತು, ಅದರ ಪಕ್ಕದಲ್ಲಿ ಒಂದು ಗೇಣು ದೂರಕ್ಕೆ ಇಟ್ಟಂಗಿಗಳೇ ಒಡೆದು ಹೊಸ ಬಿರುಕು ಎದ್ದಿತ್ತು. ಆಮೇಲೆ ಸುತ್ತ ಅಗೆದು ನೋಡಿದರೆ ಉತ್ತರದ ಮೂಲೆಯ ಹಿಂದೆ ವಾಷ್‌ಔಟ್ ಪೈಪಿನ (ನೀರು ಖಾಲಿ ಮಾಡುವ ಪೈಪು) ಜೋಡಣೆ ವರ್ಷವಿಡೀ ಜಿನುಗುತ್ತಿತ್ತು, ದಕ್ಷಿಣದ ಕಡೆ ಗೋಡೆಗೆ ಅಂಟಿಕೊಂಡು ಬೇವಿನ ಮರವೊಂದು ಬೆಳೆದಿತ್ತು. ಸೋರುವ ಮೂಲೆ ಉಬ್ಬಿಕೊಂಡು ಎತ್ತರದಲ್ಲಿ ನಿಂತು, ಮರ ನೀರು ಹೀರಿದ ಮೂಲೆ ಕೆಳಗಿಳಿದಿತ್ತು. ಬಿರುಕು ಬಿದ್ದದ್ದು ಸೋರಿಕೆಯಿಲ್ಲದ ಕಡೆಯಲ್ಲಿ. ಬಿರುಕಿನ ಬುಡದಲ್ಲಷ್ಟೇ ಕಾರಣ ಹುಡುಕುವವರಿಗೆ ಅದು ಸಿಗದೆ ಹೋಗುವುದು ಹೀಗೆ.

ಆದ್ದರಿಂದ ಮೊದಲ ಹಣವನ್ನು ನೀರಿಗೆ ಖರ್ಚು ಮಾಡಿಸಿ. ಒಂದು ರಾತ್ರಿ ಎಲ್ಲ ವಾಲ್ವುಗಳನ್ನು ಮುಚ್ಚಿ, ಸಂಪಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಮತ್ತೆ ನೋಡಿದರೆ ಸಂಪು ಸೋರುತ್ತಿದೆಯೇ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ. ಮೇಲ್ತೊಟ್ಟಿಯ ಓವರ್‌ಫ್ಲೋ ಮತ್ತು ಮಾಳಿಗೆಯ ಮಳೆನೀರು ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ಪೈಪು ಜೋಡಿಸಿ ದೂರ ಒಯ್ಯಬೇಕು. ಬಳಿಕ ಕಟ್ಟಡದ ಸುತ್ತ ಎರೆಮಣ್ಣನ್ನು ಒಂದೆರಡು ಅಡಿ ತೆಗೆದು, ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ತುಂಬಿ ನೀರು ಹಾಕಿ ದಮ್ಮಸ್ಸು ಮಾಡಿ, ಅದರ ಮೇಲೆ ಕನಿಷ್ಠ ಒಂದು ಮೀಟರ್, ಸಾಧ್ಯವಿದ್ದರೆ ಒಂದೂವರೆ ಮೀಟರ್ ಅಗಲದ ಕಾಂಕ್ರೀಟು ಪಟ್ಟಿಯನ್ನು ಹೊರಗಿಳಿಜಾರಾಗಿ ಹಾಕಿಸಬೇಕು. ಮಣ್ಣಿನ ತೇವ ಮಳೆಗಾಲಕ್ಕೂ ಬೇಸಿಗೆಗೂ ಹೆಚ್ಚು ಏರಿಳಿಯದಂತೆ ನೋಡಿಕೊಳ್ಳುವುದೇ ಈ ಪಟ್ಟಿಯ ಕೆಲಸ. ಅಂದಾಜುಪಟ್ಟಿ ಬರೆಯುವವರು ಇದನ್ನು ಅಂದಚೆಂದದ ಬಾಬತ್ತೆಂದು ತಿಳಿದು ಮೊದಲು ಇದನ್ನೇ ಹೊಡೆದುಹಾಕುತ್ತಾರೆ; ದಯವಿಟ್ಟು ಅದಕ್ಕೆ ಒಪ್ಪಬೇಡಿ. ಗೋಡೆಯ ಪಕ್ಕದಲ್ಲಿ ದೊಡ್ಡ ಮರವಿದ್ದರೆ ಅವಸರದಲ್ಲಿ ಬುಡಸಮೇತ ಕಡಿಯುವುದೂ ಬೇಡ. ಹೀರುವವರಿಲ್ಲದೆ ಮಣ್ಣು ಮತ್ತೆ ಉಬ್ಬಿ ಗೋಡೆಯನ್ನು ಎತ್ತಬಹುದು. ಕೊಂಬೆಗಳನ್ನು ಹಂತಹಂತವಾಗಿ ಕಡಿಮೆ ಮಾಡುತ್ತ ಬರುವುದು ವಾಸಿ.

ಈ ಕೆಲಸ ಮುಗಿದ ಮೇಲೆ ಬಿರುಕಿನ ಎರಡೂ ಬದಿಗೆ ಎರಡು ಮೊಳೆ ಬಡಿದು, ಅವುಗಳ ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಅಳೆದು ಗೋಡೆಯ ಮೇಲೆಯೇ ತಾರೀಖಿನೊಡನೆ ಬರೆಯಿರಿ. ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದರೂ ಅಂತರ ಬದಲಾಗದಿದ್ದರೆ ಗೋಡೆ ನೆಲೆ ನಿಂತಿದೆ ಎಂದರ್ಥ. ತುಂಬುವುದಕ್ಕೆ ಹಿಂಗಾರು ಮುಗಿದ ನವೆಂಬರ್–ಡಿಸೆಂಬರ್ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ಬಿರುಕು ಪೂರ್ತಿ ತೆರೆದಿರುವಾಗ ಗಟ್ಟಿಯಾಗಿ ತುಂಬಿದರೆ ಮಳೆಗಾಲದಲ್ಲಿ ಮುಚ್ಚಿಕೊಳ್ಳಲು ಅದಕ್ಕೆ ಜಾಗವಿರುವುದಿಲ್ಲ, ಆಗಸ್ಟಿನಲ್ಲಿ ತುಂಬಿದರೆ ಬೇಸಿಗೆಗೆ ತೆರೆಯುತ್ತದೆ.

ತುಂಬುವ ಗಾರೆ ಇಟ್ಟಂಗಿಗಿಂತ ಬಲವಾಗಿರಬಾರದು. ಗೌಂಡಿಗಳು ತಲೆಯಾಡಿಸಿ ಕೇಳಿ, ಕೊನೆಗೆ ಪಾಲಿಸದೆ ಬಿಡುವ ಮಾತೆಂದರೆ ಇದೇ. ನಮ್ಮ ಭಾಗದ ಇಟ್ಟಂಗಿ ಅಷ್ಟೇನೂ ಗಟ್ಟಿಯಲ್ಲ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಉಸುಕಿನ ಗಾರೆ ಇಂಥ ಗೋಡೆಗೆ ಹೊಂದುತ್ತದೆ. ಗೋಡೆ ಸ್ವಲ್ಪ ಅಲುಗಿದರೂ ಸುಣ್ಣದ ಗಾರೆ ಕೂದಲೆಳೆಯಂಥ ಬಿರುಕುಗಳಲ್ಲಿ ಅದನ್ನು ತಾಳಿಕೊಳ್ಳುತ್ತದೆ. ಬಿರುಕು 5 ಮಿಲಿಮೀಟರಿನೊಳಗಿದ್ದರೆ ಸಂದುಗಳನ್ನು ಕೆರೆದು, ತೊಳೆದು, ಗಾರೆ ತುಂಬಿದರೆ ಸಾಕು. ಅದಕ್ಕಿಂತ ಅಗಲವಾಗಿದ್ದರೆ ಒಡೆದ ಇಟ್ಟಂಗಿಗಳನ್ನು ಬಿಡಿಸಿ, ನೆನೆಸಿದ ಹೊಸ ಇಟ್ಟಂಗಿಯನ್ನು ಹಲ್ಲು ಕಚ್ಚಿಸಿ ಕೂರಿಸಬೇಕು. ಜೊತೆಗೆ ನಾಲ್ಕು ವರಸೆಗೊಮ್ಮೆ ಅಡ್ಡ ಸಂದನ್ನು ಒಂದೂವರೆ ಇಂಚು ಆಳಕ್ಕೆ ಕೆರೆದು, 6 ಮಿಲಿಮೀಟರಿನ ಸ್ಟೇನ್‌ಲೆಸ್ ಸರಳನ್ನು ಬಿರುಕಿನ ಎರಡೂ ಬದಿಗೆ ಅರ್ಧ ಮೀಟರಿನಷ್ಟು ಚಾಚುವಂತೆ ಗಾರೆಯಲ್ಲಿ ಹುದುಗಿಸಬೇಕು. ಏಳು ದಿನ ನೀರುಣಿಸದೆ ಗಿಲಾಯಕ್ಕೆ ಕೈ ಹಾಕಬೇಡಿ. ಬಿರುಕು 15 ಮಿಲಿಮೀಟರ್ ದಾಟಿ, ಓಳಂಬ (ದಾರಕ್ಕೆ ಕಟ್ಟಿದ ತೂಗುಗುಂಡು) ಬಿಟ್ಟರೆ ಗೋಡೆ ಹೊರಗೆ ವಾಲಿರುವುದು ಕಂಡರೆ ಮಾತ್ರ ಕೆಡವುವ ಮಾತು. ಆಗ ಪಾಯವೇ ಬದಲಾಗಬೇಕು. ಧಾರವಾಡದ ಪಡುವಣಕ್ಕೆ ಕೆಂಪು ನೆಲವಿರುವ ಕಡೆ ನಡೆಯುವ ಸಾದಾ ಪಾಯ ನಿಮ್ಮಲ್ಲಿ ನಡೆಯದು. ಎರೆ ತೆಳುವಾಗಿದ್ದರೆ ಗರಸು ಸಿಗುವವರೆಗೆ ಇಳಿಯಬೇಕು. ದಪ್ಪವಾಗಿದ್ದರೆ ಕನಿಷ್ಠ ಮೂರೂವರೆ ಮೀಟರ್ ಆಳದ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಅಂಡರ್‌ರೀಮ್ಡ್ ಪೈಲುಗಳನ್ನು (ನೆಲದೊಳಗಿನ ಕಾಂಕ್ರೀಟು ಕಂಬಗಳನ್ನು) ಹಾಕಿ, ಅವುಗಳ ಮೇಲಿನ ತೊಲೆ ನೆಲಕ್ಕೆ ತಾಗದಂತೆ 80 ಮಿಲಿಮೀಟರ್ ಸಂದು ಬಿಡಬೇಕು. ಮಣ್ಣು ಉಬ್ಬಿದರೆ ಆ ಸಂದಿನೊಳಗೇ ಉಬ್ಬಿಕೊಳ್ಳುತ್ತದೆ.

ಪಂಪ್ ಹೌಸಿಗೇ ಸೇರಿದ ಎರಡು ಸಂಗತಿಗಳನ್ನೂ ನೋಡಿಕೊಳ್ಳಿ. ಪಂಪು ಕೂತ ಕಾಂಕ್ರೀಟು ಕಟ್ಟೆ ಗೋಡೆಗೂ ನೆಲದ ಹಾಸಿಗೂ ಅಂಟಿಕೊಂಡಿರಬಾರದು, ಇಲ್ಲವಾದರೆ ಅದರ ನಡುಕ ಗಾರೆಯನ್ನು ಸಡಿಲಿಸುತ್ತದೆ. ಗೋಡೆಯನ್ನು ತೂರಿ ಹೋಗುವ ಪೈಪಿನ ಸುತ್ತ ಗಾರೆ ಬಿಗಿದಿದ್ದರೆ, ವಾಲ್ವು ಥಟ್ಟನೆ ಮುಚ್ಚಿದಾಗಲೆಲ್ಲ ಪೈಪು ಗೋಡೆಯನ್ನು ಗುದ್ದುತ್ತದೆ. ದೊಡ್ಡ ಅಳತೆಯ ಪೈಪಿನ ತುಂಡನ್ನು ಗೋಡೆಯಲ್ಲಿ ಕೂರಿಸಿ, ಅದರೊಳಗಿಂದ ಇದನ್ನು ಹಾಯಿಸಿ, ನಡುವೆ ಮೆತ್ತನೆಯ ಸೀಲಂಟ್ ತುಂಬಬೇಕು.

ವಾಲ್ವ್ ಚೇಂಬರಿನ ಗಿಲಾಯ ಕಳಚುತ್ತಿರುವುದು ಒಳಗಿನ ದೋಷದಿಂದಲ್ಲ. ಹೊರಗಿನ ಮಣ್ಣಿನಲ್ಲಿ ನಿಂತ ನೀರು ಗೋಡೆಯನ್ನು ಹಾಯ್ದು ಬಂದು ಅದನ್ನು ಹಿಂದಿನಿಂದ ದೂಡುತ್ತದೆ, ಹಾಗಾಗಿ ಒಳಗೆ ಎಷ್ಟು ಸಲ ಎಳೆದರೂ ನಿಲ್ಲುವುದಿಲ್ಲ. ಗದಗದ ಬಳಿಯ ಲಕ್ಕುಂಡಿಯ ಮುಸುಕಿನ ಬಾವಿ ಎಂಬ ಮೆಟ್ಟಿಲುಬಾವಿಯ ಹಳೆಯ ಕಲ್ಲುಕಟ್ಟಡ ಗಾರೆಯ ಹಂಗಿಲ್ಲದ್ದು. ಗೋಡೆಯ ಹಿಂದಿನ ನೀರು ಸಂದುಗಳಿಂದ ಹೊರಬೀಳಲು ಅಲ್ಲಿ ಅಡ್ಡಿಯಿಲ್ಲ. ನಿಮ್ಮ ಚೇಂಬರಿನಲ್ಲಿ ವಾಲ್ವಿರುವುದರಿಂದ ಹಾಗೆ ಬಿಡಲಾಗದು. ಸುತ್ತ ಅಗೆದು, ಹೊರಮೈಗೆ ಒಂದಕ್ಕೆ ಮೂರರ ಗಿಲಾಯ ಎಳೆದು, ಅದರ ಹೊರಗೆ ಖಡಿ ತುಂಬಿ, ಆ ನೀರಿಗೆ ಒಂದು ದಾರಿ ಮಾಡಿಕೊಡಬೇಕು. ಒಳಗಿನ ಗಿಲಾಯ ಕೊನೆಗೆ. ಕೆಲಸದವರು ಇಳಿಯುವ ಮೊದಲು ಮುಚ್ಚಳವನ್ನು ಪೂರ್ತಿ ತೆಗೆದು ಬ್ಲೋಯರಿನಿಂದ ಗಾಳಿ ಹಾಯಿಸಿ, ಒಳಗಿನ ಗಾಳಿಯನ್ನು ಅಳೆಯುವ ಮೀಟರಿನಿಂದ ಪರೀಕ್ಷಿಸಿ. ಕುಡಿಯುವ ನೀರಿನ ಚೇಂಬರೆಂಬ ಧೈರ್ಯ ಬೇಡ, ಬಹುಕಾಲ ಮುಚ್ಚಿದ ಗುಂಡಿಯಲ್ಲಿ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ಹಗ್ಗ ಹಿಡಿದ ಒಬ್ಬರು ಮೇಲೆ ನಿಲ್ಲದೆ ಯಾರೂ ಕೆಳಗಿಳಿಯಬಾರದು.