ಮೊದಲು ನಿಮ್ಮ ಕೂಲಿ ಹಿಡಿಯಿರಿ

ಸಾಗರ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.

"ನಾನು ಮದುವೆಮನೆ ಗೋಡೆಗೆ ಬರೆಯುವ ನಮ್ಮ ಹಸೆ ಚಿತ್ತಾರವನ್ನು ಬಟ್ಟೆಯ ಮೇಲೆ ಬರೆದು, ಫ್ರೇಮ್ ಹಾಕಿಸಿ ಇನ್‌ಸ್ಟಾಗ್ರಾಂನಲ್ಲಿ ಮಾರುತ್ತೇನೆ. ಲೈಕ್ ಬರುತ್ತವೆ, ಆರ್ಡರ್ ಬರುವುದಿಲ್ಲ. ರೇಟ್ ಕೇಳುತ್ತಾರೆ, 1,500 ಎಂದ ಮೇಲೆ ಸುದ್ದಿಯೇ ಇಲ್ಲ. ಪ್ರಿಂಟ್ 400ಕ್ಕೇ ಸಿಗುತ್ತಲ್ಲ ಎನ್ನುವವರೂ ಇದ್ದಾರೆ. ಪುಣೆಗೆ ಕಳಿಸಿದ್ದೊಂದು ಗಾಜು ಒಡೆದು ವಾಪಸ್ ಬಂತು. ಬೆಲೆ ಇಳಿಸಲಾ, ಇಲ್ಲಾ ಈ ಕೆಲಸವನ್ನೇ ಬಿಡಲಾ?"

ಉತ್ತರ:

ಎರಡೂ ಬೇಡ. ಬೆಲೆ ಏರಿಸಿ.

ಸಿಟ್ಟಾಗಬೇಡಿ. ಪತ್ರದ ಹಿಂಬದಿಯಲ್ಲಿ ಲೆಕ್ಕ ಬರೆದು ಕಳಿಸಿದ್ದೀರಲ್ಲ, ಅದನ್ನು ಕೂತು ನೋಡಿದೆ. ಫ್ರೇಮು, ಗಾಜು 450. ಬಟ್ಟೆ, ಹಲಗೆ, ಬಣ್ಣ 130. ಪ್ಯಾಕಿಂಗ್, ಕೊರಿಯರ್ 220. ಒಟ್ಟು 800. ಉಳಿದ 700ನ್ನು "ಲಾಭ" ಎಂದು ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದೀರಿ. ಅಲ್ಲ ತಾಯೀ, ನಿಮ್ಮ ಕೂಲಿ ಎಲ್ಲಿ? ಒಂದಕ್ಕೆ ನಾಲ್ಕು ದಿನ ಹಿಡಿಯುತ್ತದೆ ಎಂದು ನೀವೇ ಹೇಳಿದ್ದೀರಿ. ಅಂದರೆ ದಿನಕ್ಕೆ 175 ಬಿತ್ತು. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತಲು ಹೋದರೂ 2025-26ರಲ್ಲಿ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು. ನಾಲ್ಕು ದಿನಕ್ಕೆ 1,480. ಸಾಮಾನಿನ ಖರ್ಚು ಸೇರಿಸಿದರೆ 2,280. ಫೋಟೊ ತೆಗೆಯುವುದು, ಮೆಸೇಜಿಗೆ ಉತ್ತರ ಕೊಡುವುದು, ಗೋಣಿಪಟ್ಟೆ ಸುತ್ತಿ ಕೊರಿಯರ್ ಅಂಗಡಿಗೆ ಹೋಗಿ ಬರುವುದು, ಇದೆಲ್ಲ ಸೇರಿ ಇನ್ನೊಂದು ದಿನ. 2,650 ಆಯಿತು. ಇದರಲ್ಲಿ ನಿಮ್ಮ ಕೈಚಳಕಕ್ಕೆ ಇನ್ನೂ ಒಂದು ಪೈಸೆ ಹಿಡಿದಿಲ್ಲ.

ಕೂಲಿ ಹಿಡಿಯಲು ನಿಮಗೆ ಮನಸ್ಸು ಯಾಕೆ ಬರಲಿಲ್ಲ ಎಂಬುದು ನನಗೆ ಗೊತ್ತು. ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಚಿತ್ತಾರಕ್ಕೆ ದುಡ್ಡಿನ ಮಾತೇ ಇರಲಿಲ್ಲ. ಮದುವೆ ಬಂತೆಂದರೆ ಗೋಡೆಗೆ ಕೆಮ್ಮಣ್ಣು ಬಳಿಯುವುದು, ಅಕ್ಕಿ ನೆನೆಸಿ ಅರೆದು ಬಿಳಿ ಮಾಡುವುದು, ಅಕ್ಕಿಯನ್ನೇ ಕರಿಕಾಗುವಂತೆ ಹುರಿದು ಕಪ್ಪು ಮಾಡುವುದು, ಗುರಿಗೆ ಕಾಯಿಯಿಂದ ಹಳದಿ, ಪುಂಡಿ ನಾರನ್ನು ಜಜ್ಜಿ ಕಟ್ಟಿದ ಕುಂಚ. ಹೆಂಗಸರು ಸೇರಿ ಹಸೆಗೋಡೆ ತುಂಬಿಸುತ್ತಿದ್ದರು. ಭೂಮಿ ಹುಣ್ಣಿಮೆ ಹಬ್ಬಕ್ಕೆ ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿಯೂ ಹಾಗೇ. ಇವತ್ತು ನಿಮ್ಮ ಮನೆ, ನಾಳೆ ಅವರ ಮನೆ. ಅದು ಮುಯ್ಯಿಯ ಲೆಕ್ಕ. ಆದರೆ ಪುಣೆಯ ಫ್ಲಾಟಿನವರು ಮುಯ್ಯಿ ತೀರಿಸಲು ನಿಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಾರಾ? ಅಲ್ಲಿಗೆ ಹೋಗುವ ಚಿತ್ತಾರಕ್ಕೆ ಅಜ್ಜಿಯ ಲೆಕ್ಕ ಹಾಕಬೇಡಿ.

ಇನ್ನು ಆ 400 ರೂಪಾಯಿಯ ಪ್ರಿಂಟಿನ ಮಾತು. ಪರಿಚಯದವರೊಬ್ಬರು ಬೆಂಗಳೂರಿನಲ್ಲಿ ಹೊಸ ಫ್ಲಾಟ್ ತೆಗೆದುಕೊಂಡರು. ಗೃಹಪ್ರವೇಶಕ್ಕೆ ಹೋದಾಗ ಕೈಹಿಡಿದು ಊಟದ ಕೋಣೆಗೆ ಕರೆದುಕೊಂಡು ಹೋದರು. "ನೋಡಿ ಸಾರ್, ನಮ್ಮ ಮಲೆನಾಡಿನ ಚಿತ್ತಾರ." ಗೋಡೆ ಪೂರ್ತಿ ಕೆಂಪು, ಬಿಳಿ ಗೆರೆ, ನಿಲಿ, ಪಾಪು ಎನ್ನುವ ವಿನ್ಯಾಸಗಳೆಲ್ಲ ಇದ್ದವು. ಹತ್ತಿರ ಹೋಗಿ ನೋಡಿದೆ. ಒಂದು ಕಡೆ ಗೆರೆಯ ಪಕ್ಕ ಕೂದಲಿನಷ್ಟು ಸಣ್ಣ ಗುರುತು. ಬರೆಯುವಾಗ ಪುಂಡಿ ನಾರಿನ ಎಳೆಯೊಂದು ಬಿಟ್ಟುಕೊಂಡು ಬಣ್ಣಕ್ಕೆ ಅಂಟಿದ್ದು. ಎರಡಡಿ ಆಚೆ ನೋಡಿದರೆ ಅದೇ ಜಾಗದಲ್ಲಿ ಅದೇ ಎಳೆ. ಇನ್ನೆರಡಡಿಗೆ ಮತ್ತೆ ಅದೇ. ಯಾರೋ ಹೆಣ್ಣುಮಗಳು ಒಮ್ಮೆ ಬರೆದದ್ದನ್ನು ಫೋಟೊ ತೆಗೆದು ಸ್ಟಿಕರ್ ಸುರುಳಿ ಮಾಡಿ, ಚದರಡಿ ಲೆಕ್ಕದಲ್ಲಿ ಅಂಟಿಸಿದ್ದರು. ಡಿಸೈನರಿಗೆ ಫೀಸು, ಅಂಟಿಸಿದವನಿಗೆ ಕೂಲಿ, ಪ್ರಿಂಟಿನವನಿಗೆ ಬಿಲ್ಲು. ಬರೆದವಳ ಹೆಸರು ಕೇಳಿದೆ. "ಅದೆಲ್ಲ ನೆಟ್‌ನಲ್ಲಿ ಫ್ರೀ ಸಿಗುತ್ತೆ ಸಾರ್" ಎಂದರು. ಹೋಳಿಗೆ ಚೆನ್ನಾಗಿತ್ತು, ಆದರೂ ನನಗೆ ಸೇರಲಿಲ್ಲ.

ಆನ್‌ಲೈನ್ ಬಂದದ್ದರಿಂದ ಒಳ್ಳೆಯದಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಪುಣೆಯವರಿಗೆ ನಿಮ್ಮ ಊರು ಗೊತ್ತಾದದ್ದೇ ಅದರಿಂದ. ಒಪ್ಪೋಣ, ಮುಂದೆ ಹೋಗೋಣ.

ನನ್ನ ತಕರಾರು ಬೇರೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದರು. ಮಾಡುವವರು ಮಾಡಲಿ, ಮಾರಲು ಬೇರೆಯವರು ಹೆಗಲು ಕೊಡಲಿ ಎಂಬ ವ್ಯವಸ್ಥೆಗೆ ದುಡಿದವರಲ್ಲಿ ಅವರು ದೊಡ್ಡವರು. ಎಂಪೋರಿಯಂಗಳು ಬೆಳೆದದ್ದು ಆ ದಾರಿಯಲ್ಲಿ. ಅವುಗಳಲ್ಲಿ ಹುಳುಕು ಇರಲಿಲ್ಲವೇ? ಇತ್ತು. ಆದರೆ ಚನ್ನಪಟ್ಟಣದಲ್ಲಿ ಆಲೆ ಮರ ಕಡೆದು ಅರಗಿನ ಬಣ್ಣ ಹಾಕುವವನಿಗೆ, ಬುಗುರಿ ಹಿಡಿದುಕೊಂಡು ಕ್ಯಾಮೆರಾ ಮುಂದೆ ಕುಣಿ ಎಂದು ಯಾರೂ ಹೇಳಿರಲಿಲ್ಲ. ಈಗ ಆ ಕೆಲಸಗಳೆಲ್ಲ ಒಬ್ಬರ ತಲೆಗೇ ಬಿದ್ದಿವೆ. ನೀವೇ ಕಲಾವಿದೆ, ನೀವೇ ಫೋಟೊಗ್ರಾಫರ್, ನೀವೇ ಗುಮಾಸ್ತೆ, ರಾತ್ರಿ ಹನ್ನೊಂದಕ್ಕೆ "ಲಾಸ್ಟ್ ಪ್ರೈಸ್ ಎಷ್ಟು" ಎಂದು ಕೇಳಿದರೆ ಕಸ್ಟಮರ್ ಕೇರೂ ನೀವೇ. ಇದನ್ನು ಸ್ವಾವಲಂಬನೆ ಎಂದು ಭಾಷಣ ಮಾಡುತ್ತಾರೆ. ನಾಲ್ಕು ಜನರ ಕೆಲಸವನ್ನು ಒಬ್ಬರಿಂದ ಬಿಟ್ಟಿ ಮಾಡಿಸುವುದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ.

ದೊಡ್ಡ ಮಾರುಕಟ್ಟೆ ಸೇರಿದರೆ ಸುಖ ಎಂದುಕೊಳ್ಳಬೇಡಿ. ಅಮೆರಿಕದ ಎಟ್ಸಿ ಎಂಬ ಮಾರಾಟದ ಜಾಲತಾಣ ಹುಟ್ಟಿದ್ದು 2005ರಲ್ಲಿ, ಕೈಯಲ್ಲಿ ಮಾಡಿದ್ದಕ್ಕೆ ಜಾಗ ಇಲ್ಲಿದೆ ಎಂದು ಹೇಳಿಕೊಂಡು. 2013ರಲ್ಲಿ ಹೊರಗಿನ ತಯಾರಕರಿಂದ ಮಾಡಿಸಿ ಮಾರಿದರೂ ಆದೀತು ಎಂದಿತು. 2022ರ ಏಪ್ರಿಲ್‌ನಲ್ಲಿ ಮಾರಾಟದ ಕಮಿಷನ್ನು ಶೇಕಡಾ 5ರಿಂದ 6.5ಕ್ಕೆ ಏರಿತು. ಸಾವಿರಾರು ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿ ಮುಷ್ಕರ ಹೂಡಿದರು. ಕಮಿಷನ್ ಇಳಿಯಲಿಲ್ಲ. ಬಾಡಿಗೆ ಜಾಗದಲ್ಲಿ ಸಂತೆ ಹಾಕಿದವರ ಪಾಡು ಅಷ್ಟೇ. ನಮ್ಮಲ್ಲಿ ಜಿಎಸ್‌ಟಿಯ ಗಂಟು ಬೇರೆ. ಸಣ್ಣ ವಹಿವಾಟಿನವರು ಇಂಥ ಜಾಲತಾಣಗಳಲ್ಲಿ ನೋಂದಣಿ ಇಲ್ಲದೆ ಸಾಮಾನು ಮಾರಬಹುದು ಎಂದು 2023ರ ಅಕ್ಟೋಬರ್ 1ರಿಂದ ಸಡಿಲ ಮಾಡಿದರು, ಸರಿ. ಆದರೆ ಅದು ರಾಜ್ಯದ ಒಳಗೆ ಮಾರಿದರೆ ಮಾತ್ರ. ನಿಮಗೆ ಆರ್ಡರ್ ಬರುವುದು ಪುಣೆಯಿಂದ!

ಬಿಟ್ಟಿಯ ಚಟ ಕಲೆಗೆ ಮಾತ್ರ ಅಂಟಿದ್ದಲ್ಲ ಬಿಡಿ. ಕಂಪ್ಯೂಟರ್ ಕಸೂತಿಯ ಸೀರೆ ಉಟ್ಟು ಧಾರವಾಡದ ಪರಂಪರೆ ಎನ್ನುತ್ತಾರೆ. ಎಳೆ ಎಣಿಸಿ ಕೈಯಲ್ಲಿ ಕಸೂತಿ ಹಾಕಿ ಕಣ್ಣು ಕಳೆದುಕೊಂಡವರ ಹತ್ತಿರ ಚೌಕಾಸಿ ಮಾಡುತ್ತಾರೆ. ಉತ್ಸವಗಳಿಗೆ ಕರೆಯುತ್ತಾರೆ, ಬಸ್ ಚಾರ್ಜ್ ಕೇಳಿದರೆ "ಪ್ರಚಾರ ಸಿಗುತ್ತಲ್ಲ ಮೇಡಂ" ಎನ್ನುತ್ತಾರೆ. ನಮ್ಮ ಪತ್ರಿಕೆಯ ಕಥೆಯೂ ಇದೇ. ಚಂದಾ ಕಟ್ಟಿ ಎಂದರೆ, "ಪಿಡಿಎಫ್ ಇದ್ರೆ ಸುಮ್ನೆ ವಾಟ್ಸಾಪ್ ಮಾಡಿ ಸಾರ್, ಓದ್ತೀನಿ" ಎನ್ನುವ ಕನ್ನಡಾಭಿಮಾನಿಗಳು ಎಷ್ಟು ಜನ ಬೇಕು? ಅದರಲ್ಲಿ ಒಬ್ಬರು ನವೆಂಬರ್‌ನಲ್ಲಿ ಶಾಲು ಹೊದ್ದು ಕನ್ನಡ ಉಳಿಸುವ ಬಗ್ಗೆ ಮಾತಾಡಿದ್ದನ್ನು ನಾನೇ ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಗಾಜು ಬಿಟ್ಟುಬಿಡಿ. ಚಿತ್ತಾರವನ್ನು ಬಟ್ಟೆಯ ಮೇಲೆ ಬರೆದು, ಕೊಳವೆಯಲ್ಲಿ ಸುತ್ತಿ ಕಳಿಸಿ. ಫ್ರೇಮನ್ನು ಅವರ ಊರಿನಲ್ಲಿ ಅವರೇ ಹಾಕಿಸಿಕೊಳ್ಳಲಿ. ಬೆಲೆಯನ್ನು ಚಿತ್ರದ ಕೆಳಗೇ ಬರೆದು ಹಾಕಿ. ಕೇಳಿ ಓಡಿಹೋಗುವವರು ಕೇಳುವ ಮೊದಲೇ ಓಡಲಿ, ನಿಮಗೆ ಸಂಜೆ ಉಳಿಯುತ್ತದೆ. ಕೆಮ್ಮಣ್ಣಿನ ಬಣ್ಣ ಫೋಟೊದಲ್ಲಿ ಕಂಡಂತೆಯೇ ಇರುವುದಿಲ್ಲ ಎಂದೂ ಬರೆಯಿರಿ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ಆಗುತ್ತದಲ್ಲ, ಅಲ್ಲಿಗೆ ಅರ್ಜಿ ಹಾಕಿ. ಚಿತ್ತಾರದ ಹತ್ತಿರ ಮೂಗು ತಂದು ನೋಡುವವರು ಅಲ್ಲಿ ಸಿಗುತ್ತಾರೆ. ಅಂಥವರು ಹತ್ತು ಜನ ಸಿಕ್ಕಿದರೆ ಹತ್ತು ಸಾವಿರ ಲೈಕಿಗಿಂತ ಮೇಲು.

ಫ್ರೇಮು, ಗಾಜಿನ 450 ಕಳೆದು 2,200ಕ್ಕೆ ಏರಿಸಿದರೂ ಆರ್ಡರ್ ಇನ್ನೂ ಕಡಿಮೆಯಾಗಬಹುದು. ಆಗಲಿ. ಫ್ರೇಮ್ ಸಮೇತ 1,500ಕ್ಕೆ ಮಾರಿದ ಪ್ರತಿ ಚಿತ್ತಾರಕ್ಕೂ ನೀವೇ ಕೈಯಿಂದ 1,150 ಹಾಕಿ ಕೊಡುತ್ತಿದ್ದೀರಿ. ಅಂಥ ವ್ಯಾಪಾರ ಜಾಸ್ತಿಯಾದಷ್ಟೂ ನಿಮಗೆ ನಷ್ಟ.

ಅಂಚಿನಲ್ಲಿ ಇನ್ನೊಂದು ಸಾಲು ಗೀಚಿದ್ದೀರಿ. ಮಾರ್ಕೆಟಿಂಗ್ ಕೋರ್ಸ್ ಮಾಡಿದ ನಿಮ್ಮ ತಮ್ಮ, "ಅಕ್ಕಾ, ದಿನಾ ಒಂದು ರೀಲ್ಸ್ ಹಾಕು, ತಾನಾಗಿ ಮಾರಾಟ ಆಗುತ್ತೆ" ಎನ್ನುತ್ತಾನಂತೆ. ಅವನು ಹೇಳುವುದರಲ್ಲಿ ತಪ್ಪಿಲ್ಲ. ಕೋರ್ಸ್ ಮಾಡಿದವನು ಅವನು ತಾನೇ? ಫೋನ್ ಅವನ ಕೈಗೆ ಕೊಡಿ. ರೀಲ್ಸ್, ಮೆಸೇಜು, ಕೊರಿಯರ್ ಎಲ್ಲ ಅವನೇ ನೋಡಿಕೊಳ್ಳಲಿ. ನಾನು ಹಿಡಿದ ಆ ಐದನೇ ದಿನದ 370 ಅವನಿಗೆ ಕೊಡಿ. ಅಷ್ಟಕ್ಕೆ ಒಪ್ಪುತ್ತಾನಾ ಕೇಳಿ ನೋಡಿ.

— ಸಂಪಾದಕ